ಅಮ್ಮಂಗೆ ಆಸ್ಟಿಯೋಪೊರೋಸಿಸ್, ಯಾವ ಎಕ್ಸರ್‌ಸೈಜ್ ಮಾಡಿಸ್ಬಹುದು ಯಾವ್ದು ಬೇಡ?

ನಿಧಾನಸ್ಥೆ:
ಎಲ್ರಿಗೂ ನಮಸ್ಕಾರ. ಅಮ್ಮಂಗೆ 63, ಆಸ್ಟಿಯೋಪೊರೋಸಿಸ್ ಅಂದ್ರೆ ಮೂಳೆ ಟೊಳ್ಳಾಗೋ ಕಾಯಿಲೆ ಇದೆ. ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನ್ ಮಾಡ್ಸಿದ್ವಿ, ಬೆನ್ನುಮೂಳೆ ಟಿ ಸ್ಕೋರ್ (ಮೈನಸ್ 2.5 ಇಲ್ಲ ಅದಕ್ಕಿಂತ ಕೆಳಗಿದ್ರೆ ಆಸ್ಟಿಯೋಪೊರೋಸಿಸ್ ಅಂತೆ) ಮೈನಸ್ 2.8, ಹಿಪ್ ಮೈನಸ್ 2.3. ಎಕ್ಸ್‌ರೇಲಿ ಫ್ರಾಕ್ಚರ್ ಏನೂ ಇಲ್ಲ ಸದ್ಯ. ಡಾಕ್ಟ್ರು ಮಾತ್ರೆ ಬರ್ಕೊಟ್ಟು "ಎಕ್ಸರ್‌ಸೈಜ್ ಮಾಡಿ, ಬೀಳ್ಬೇಡಿ" ಅಂದ್ರು ಅಷ್ಟೇ, ಯಾವ ಎಕ್ಸರ್‌ಸೈಜು ಅಂತ ಕೇಳೋಷ್ಟರಲ್ಲಿ ಮುಂದಿನ ಪೇಷೆಂಟ್ ಒಳಗೆ ಬಂದಾಗಿತ್ತು. ಅವತ್ತಿಂದ ಅಮ್ಮ ಗಾಜಿನ ಗೊಂಬೆ ಥರ ಕೂತ್ಬಿಟ್ಟಿದಾರೆ, ಬಕೆಟ್ ಎತ್ತಲ್ಲ ಮೆಟ್ಟಿಲು ಹತ್ತಲ್ಲ. ಅಣ್ಣ ಒಂದು ವಿಡಿಯೋ ಕಳ್ಸಿದಾನೆ, ಅದ್ರಲ್ಲಿ ಕಾಲು ಚಾಚಿ ಕೂತು ಬಗ್ಗಿ ಹೆಬ್ಬೆರಳು ಮುಟ್ಟೋದು, ಸಿಟ್ ಅಪ್ಸ್ ಎಲ್ಲ ಇದೆ, "ಮೂಳೆ ಗಟ್ಟಿಯಾಗುತ್ತೆ" ಅಂತ ಟೈಟಲ್ಲು. ನಂಗ್ಯಾಕೋ ಡೌಟು. ವಾಕಿಂಗ್ ಒಂದೇ ಸಾಕಾ? ಗೊತ್ತಿರೋರು ಹೇಳಿ ಪ್ಲೀಸ್.

ಸುಮ್ನೆ ಬಂದೋನು:
ವಾಕಿಂಗ್ ಜೊತೆ ಸ್ವಿಮ್ಮಿಂಗ್ ಬೆಸ್ಟ್ ಮೇಡಂ. ನೀರಲ್ಲಿ ಮೂಳೆ ಮೇಲೆ ಭಾರಾನೇ ಬೀಳಲ್ಲ, ಫುಲ್ ಸೇಫ್.

ಫಿಸಿಯೋ ಅಕ್ಕ:
ಮೊದಲು ಆ ವಿಡಿಯೋ ಡಿಲೀಟ್ ಮಾಡಿ. ನಾನು ಫಿಸಿಯೋಥೆರಪಿಸ್ಟ್, ಇಂಥ ವಿಡಿಯೋ ನೋಡ್ಕೊಂಡು ಮಾಡಿ ನೋವು ತಂದ್ಕೊಂಡು ಬರೋರನ್ನ ನೋಡ್ತಾನೇ ಇರ್ತೀನಿ.

ಬೆನ್ನು ಗುಂಡಗೆ ಮಾಡ್ಕೊಂಡು ಮುಂದಕ್ಕೆ ಬಗ್ಗಿದಾಗ ಒತ್ತಡವೆಲ್ಲ ಬೆನ್ನುಮೂಳೆಯ ಒಂದೊಂದು ಮಣಿಯ ಮುಂಭಾಗಕ್ಕೆ ಬೀಳುತ್ತೆ. ಒಳಗೆ ಟೊಳ್ಳಾಗಿರೋ ಮೂಳೆ ಅಲ್ಲೇ ಕುಸಿಯೋದು, ಮುಂದ್ಗಡೆ ತಗ್ಗು ಹಿಂದ್ಗಡೆ ಎತ್ತರ ಅಂತ ಆಗಿ ಗೂನು ಬರೋದು ಹಂಗೆ. 1984ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಬೆನ್ನುಮೂಳೆ ಆಸ್ಟಿಯೋಪೊರೋಸಿಸ್ ಇದ್ದ 59 ಹೆಂಗಸರನ್ನ ನೋಡಿ ಒಂದು ಸ್ಟಡಿ ಬರೆದ್ರು. ಬೆನ್ನನ್ನ ಹಿಂದಕ್ಕೆ ಎತ್ತೋ ವ್ಯಾಯಾಮ ಮಾಡಿದೋರಲ್ಲಿ 16 ಪರ್ಸೆಂಟ್ ಜನಕ್ಕೆ ಹೊಸದಾಗಿ ಮಣಿ ಕುಸಿದಿತ್ತು, ಮುಂದಕ್ಕೆ ಬಗ್ಗೋದು ಮಾಡಿದೋರಲ್ಲಿ 89 ಪರ್ಸೆಂಟ್! ಏನೂ ವ್ಯಾಯಾಮ ಮಾಡದೇ ಇದ್ದೋರು 67. ಸಣ್ಣ ಸ್ಟಡಿ, ಹಳೇದು, ಆ ನಂಬರನ್ನೇ ವೇದವಾಕ್ಯ ಅನ್ಕೋಬೇಡಿ, ಆದ್ರೆ ಸುಮ್ನೆ ಕೂತೋರಿಗಿಂತ ತಪ್ಪು ವ್ಯಾಯಾಮ ಮಾಡಿದೋರ ಸ್ಥಿತಿ ಕೆಟ್ಟದಾಗಿತ್ತು ಅನ್ನೋದನ್ನ ನಾವ್ಯಾರೂ ಮರೆತಿಲ್ಲ. ಸೋ ಟೋ ಟಚ್, ಸಿಟ್ ಅಪ್, ಬಗ್ಗಿಕೊಂಡೇ ಪಕ್ಕಕ್ಕೆ ತಿರುಚೋದು, ಝಾಡಿಸಿ ಮಾಡೋ ಎಲ್ಲಾ ಬೇಡ.

ಸ್ವಿಮ್ಮಿಂಗ್ ಬಗ್ಗೆ ಹೇಳಿದೋರಿಗೆ: ಭಾರ ಬೀಳಲ್ಲ ಅನ್ನೋದೇ ಅಲ್ಲಿ ತೊಂದ್ರೆ ಸರ್. ಭಾರ ಬಿದ್ರೇನೇ ಮೂಳೆಗೆ ಗಟ್ಟಿಯಾಗ್ಬೇಕು ಅಂತ ಗೊತ್ತಾಗೋದು. ಬಾಹ್ಯಾಕಾಶದಲ್ಲಿ ತೇಲ್ತಾ ಇರೋ ಗಗನಯಾತ್ರಿಗಳು ತಿಂಗಳಿಗೆ ಹೆಚ್ಚುಕಮ್ಮಿ 1 ಪರ್ಸೆಂಟ್ ಮೂಳೆ ಕಳ್ಕೊಳ್ತಾರೆ, ಅವ್ರು ಫಿಟ್ ಆಗಿರೋ ಜನ. ಈಜು, ಸೈಕಲ್ಲು ಹಾರ್ಟಿಗೆ ಚೆನ್ನಾಗಿದೆ, ಕೀಲುನೋವು ಇದ್ರೆ ಇನ್ನೂ ಚೆನ್ನಾಗಿದೆ, ಮೂಳೆಗೆ ಮಾತ್ರ ಅದೊಂದನ್ನೇ ನಂಬ್ಕೋಬೇಡಿ. ವಾಕಿಂಗೂ ಅಷ್ಟೇ, ಬಿಡಬೇಡಿ, ಆದ್ರೆ ದಿನಾ ನಡೆಯೋ ದೇಹಕ್ಕೆ ನಡಿಗೆ ಹೊಸ ಭಾರ ಅಲ್ಲ.

ನಿಧಾನಸ್ಥೆ:
ಅಯ್ಯೋ ಥ್ಯಾಂಕ್ಸ್ ಅಕ್ಕ. ಹಾಗಾದ್ರೆ ಬಗ್ಗೋದೇ ಬೇಡ್ವಾ? ಮನೇಲಿ ಇದ್ಮೇಲೆ ನೆಲದ ಮೇಲಿಂದ ಏನಾದ್ರೂ ಎತ್ಲೇಬೇಕಲ್ಲ, ಅಮ್ಮ ಹೆದರ್ಕೊಂಡಿರೋದೇ ಅದಕ್ಕೆ.

ಫಿಸಿಯೋ ಅಕ್ಕ:
ಬಗ್ಗಬಹುದು, ಬೆನ್ನಿಂದ ಬೇಡ, ಸೊಂಟದ ಕೀಲಿಂದ ಬಗ್ಗಬೇಕು. ನಾನು ಕಲಿಸೋದು ಹೀಗೆ: ಒಂದು ಕೋಲನ್ನ ಬೆನ್ನ ಹಿಂದೆ ಉದ್ದಕ್ಕೆ ಹಿಡ್ಕೊಳ್ಳೋಕೆ ಹೇಳಿ, ಅದು ಮೂರು ಕಡೆ ತಾಗ್ಬೇಕು, ತಲೆ ಹಿಂಭಾಗ, ಎರಡು ಹೆಗಲಮೂಳೆ ಮಧ್ಯೆ, ಕೆಳಗೆ ಬಾಲದ ಮೂಳೆ ಹತ್ರ. ಈಗ ಮಂಡಿ ಸ್ವಲ್ಪ ಸಡಿಲ ಬಿಟ್ಟು, ಹಿಂದೆ ಇರೋ ಕುರ್ಚಿಗೆ ಅಂಡು ತಾಗಿಸ್ತೀನಿ ಅನ್ನೋ ಹಾಗೆ ಹಿಂದಕ್ಕೆ ತಳ್ತಾ ಎದೆ ಮುಂದಕ್ಕೆ ತರ್ಬೇಕು. ಕೋಲು ಮೂರರಲ್ಲಿ ಒಂದು ಜಾಗ ಬಿಟ್ಟಿತು ಅಂದ್ರೆ ಬೆನ್ನು ಗುಂಡಗಾಯ್ತು ಅಂತ, ಅಲ್ಲಿಗೇ ನಿಲ್ಸಿ ವಾಪಸ್ ಬರ್ಬೇಕು. ಮೊದಮೊದಲು ಜಾಸ್ತಿ ಬಗ್ಗಕ್ಕಾಗಲ್ಲ, ಪರವಾಗಿಲ್ಲ. ಕನ್ನಡಿ ಪಕ್ಕ ನಿಂತು ಮಾಡಿದ್ರೆ ಬೇಗ ಹಿಡಿತ ಸಿಗುತ್ತೆ.

ಹಾಸಿಗೆಯಿಂದ ಏಳೋವಾಗ ನೆಟ್ಟಗೆ ಮೇಲೆ ಏಳೋದು ಅಂದ್ರೆ ಅದೂ ಒಂದು ಸಿಟ್ ಅಪ್ಪೇ, ಪಕ್ಕಕ್ಕೆ ಹೊರಳಿ ಕಾಲು ಕೆಳಗೆ ಬಿಟ್ಟು ಕೈ ಊರಿ ಏಳ್ಲಿ. ಸೀನು ಬಂದಾಗ್ಲೂ ಮುಂದಕ್ಕೆ ಮುದುಡ್ಕೋಬಾರ್ದು.

ಶುರು ಮಾಡೋಕೆ: ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು, ಅಡುಗೆಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತೋದು, ಬೋರಲು ಮಲಗಿ ಹೊಟ್ಟೆ ಕೆಳಗೊಂದು ದಿಂಬು ಇಟ್ಕೊಂಡು ಎದೆ ಸ್ವಲ್ಪವೇ ಸ್ವಲ್ಪ ಮೇಲೆತ್ತೋದು, ಆಮೇಲೆ ಎಲಾಸ್ಟಿಕ್ ಬ್ಯಾಂಡ್ ಎಳೆಯೋದು. ಬ್ಯಾಲೆನ್ಸಿಗೆ ಕಟ್ಟೆ ಪಕ್ಕದಲ್ಲೇ ಒಂಟಿ ಕಾಲಲ್ಲಿ ನಿಲ್ಲೋದು, ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸ್ಕೊಂಡು ನಡೆಯೋದು. ನನ್ ಕೇಳಿದ್ರೆ ಬ್ಯಾಲೆನ್ಸೇ ಮೊದಲು, ಯಾಕಂದ್ರೆ ಹಿಪ್ ಫ್ರಾಕ್ಚರ್ ಮುಕ್ಕಾಲುಪಾಲು ಆಗೋದೇ ಬಿದ್ದಾಗ. ಹೀಗಂತ ನಾನಿಲ್ಲಿ ಬರೆದಿದ್ದನ್ನ ಓದ್ಕೊಂಡು ಒಂದೇ ಸಲ ಎಲ್ಲಾ ಶುರು ಮಾಡ್ಬೇಡಿ, ಅಮ್ಮನ್ನ ಒಬ್ರು ಫಿಸಿಯೋ ಕಣ್ಣಾರೆ ನೋಡ್ಲಿ.

ಕಬ್ಬಿಣದ ಕಡಲೆ:
ನಂಗೂ ಆಸ್ಟಿಯೋಪೊರೋಸಿಸ್, ಮುಟ್ಟು ನಿಂತ ಮೇಲೆ ಗೊತ್ತಾಗಿದ್ದು. ಅಕ್ಕ ಹೇಳಿದ್ದೆಲ್ಲ ಸರಿ, ಒಂದು ಮಾತು ಸೇರಿಸ್ತೀನಿ, ಅಲ್ಲೇ ನಿಂತ್ಕೋಬೇಡಿ. ಎಷ್ಟೋ ಕಡೆ ವಯಸ್ಸಾದ ಹೆಂಗಸರ ಕೈಗೆ ಅರ್ಧ ಕೇಜಿ ಡಂಬೆಲ್ ಕೊಟ್ಟು ವರ್ಷಗಟ್ಟಲೆ ಅದನ್ನೇ ಎತ್ತಿಸ್ತಾರೆ, ಅದಕ್ಕಿಂತ ಜಾಸ್ತಿ ಭಾರ ನಾವು ಮಾರ್ಕೆಟಿಂದ ಹೊತ್ಕೊಂಡ್ ಬರ್ತೀವಿ ಸ್ವಾಮಿ! ಆಸ್ಟ್ರೇಲಿಯಾದಲ್ಲಿ ಲಿಫ್ಟ್‌ಮೋರ್ ಅಂತ ಒಂದು ಟ್ರಯಲ್ ಆಯ್ತು, 2018ರಲ್ಲಿ ಬಂತು. ಮುಟ್ಟು ನಿಂತ, ಮೂಳೆ ಸಾಂದ್ರತೆ ಕಮ್ಮಿ ಇರೋ 101 ಹೆಂಗಸರು, ಅವರಲ್ಲಿ ಅರ್ಧದಷ್ಟು ಜನಕ್ಕೆ ವಾರಕ್ಕೆ ಎರಡು ಸಲ ಅರ್ಧ ಗಂಟೆ, 8 ತಿಂಗಳು, ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತೋದು) ಸ್ಕ್ವಾಟ್ (ಭಾರ ಹೊತ್ತು ಕುಕ್ಕರಗಾಲಲ್ಲಿ ಕೂತು ಏಳೋದು) ಓವರ್‌ಹೆಡ್ ಪ್ರೆಸ್ (ತಲೆ ಮೇಲಕ್ಕೆ ಭಾರ ಎತ್ತೋದು) ಅದೂ ನಿಜವಾಗ್ಲೂ ಭಾರ ಹಾಕಿ. ಅವರ ಬೆನ್ನುಮೂಳೆ ಸಾಂದ್ರತೆ 2.9 ಪರ್ಸೆಂಟ್ ಏರ್ತು, ಮನೇಲಿ ಹಗುರ ವ್ಯಾಯಾಮ ಮಾಡಿದ ಉಳಿದೋರದ್ದು 1.2 ಇಳೀತು.

ಸುಮ್ನೆ ಬಂದೋನು:
63 ವಯಸ್ಸಿನೋರಿಗೆ ಡೆಡ್‌ಲಿಫ್ಟಾ?? ರಿಸ್ಕ್ ಅಲ್ವಾ

ಕಬ್ಬಿಣದ ಕಡಲೆ:
ಒಬ್ರೇ ಮಾಡಿದ್ರೆ ಖಂಡಿತ ರಿಸ್ಕ್. ಆ ಟ್ರಯಲ್‌ನಲ್ಲಿ ಪಕ್ಕದಲ್ಲೇ ಟ್ರೈನರ್ ಇದ್ರು, ಮೊದಲ ತಿಂಗಳು ಬರೀ ಹಗುರ ಭಾರದಲ್ಲಿ ಟೆಕ್ನಿಕ್ ಕಲಿಸಿದ್ರು ಆಮೇಲೆ ಏರಿಸಿದ್ರು. ನಾನೂ ಖಾಲಿ ಕೋಲಿಂದಾನೇ ಶುರು ಮಾಡಿದ್ದು. ಈಗಾಗ್ಲೇ ಮಣಿ ಕುಸಿದಿರೋರಿಗೆ ಲೆಕ್ಕಾನೇ ಬೇರೆ.

ಫಿಸಿಯೋ ಅಕ್ಕ:
ಒಪ್ಪಿದೆ, ಆದ್ರೆ ಇನ್ನೊಂದು ಆರು ತಿಂಗಳು ಆ ಮಾತೇ ಎತ್ಬೇಡಿ ಇವರಮ್ಮನ ಹತ್ರ 😄 ಈಗ ಮೆಟ್ಟಿಲು ಹತ್ಲಿ ಸಾಕು.

ನಿಧಾನಸ್ಥೆ:
ಇನ್ನೆರಡು ಡೌಟು. ಅಮ್ಮ ಮುಂಚೆ ಯೋಗ ಮಾಡ್ತಿದ್ರು, ಮತ್ತೆ ಮಾಡ್ಬಹುದಾ? ಮತ್ತೆ ಅಣ್ಣ ಅಂತಾನೆ ಎಕ್ಸರ್‌ಸೈಜ್ ಸರಿಯಾಗಿ ಮಾಡಿದ್ರೆ ಮಾತ್ರೆ ಬಿಡ್ಬಹುದು ಅಂತ.

ಫಿಸಿಯೋ ಅಕ್ಕ:
ಪಶ್ಚಿಮೋತ್ತಾನಾಸನ, ಹಲಾಸನ, ಸರ್ವಾಂಗಾಸನ ಬೇಡ್ವೇ ಬೇಡ, ಕುತ್ತಿಗೆ ಬೆನ್ನು ಎರಡಕ್ಕೂ ಅಪಾಯ. ಗೋಡೆ ಪಕ್ಕ ವೃಕ್ಷಾಸನ, ವೀರಭದ್ರಾಸನ ಮಾಡ್ಲಿ. ಭುಜಂಗಾಸನ ಸ್ವಲ್ಪ ಎತ್ತರಕ್ಕೆ ಮಾತ್ರ, ಕೈಯಲ್ಲಿ ತಳ್ಳಿ ಬೆನ್ನು ಮುರಿಯೋ ಹಾಗಲ್ಲ.

ಮಾತ್ರೆ ಬಿಡೋ ವಿಷಯ ಡಾಕ್ಟ್ರನ್ನ ಕೇಳ್ದೆ ಮಾಡ್ಲೇಬೇಡಿ, ಮೈನಸ್ 2.8ಗೆ ವ್ಯಾಯಾಮ ಮಾತ್ರೆ ಜಾಗ ತುಂಬಲ್ಲ. ಮುಂದೆ ಯಾವತ್ತಾದ್ರೂ ಆರು ತಿಂಗಳಿಗೊಂದು ಡೆನೊಸುಮ್ಯಾಬ್ ಇಂಜೆಕ್ಷನ್ ಅಂತ ಬದಲಾಯಿಸಿದ್ರೆ ಇನ್ನೂ ಹುಷಾರು, ಅದನ್ನ ದಿಢೀರ್ ಅಂತ ನಿಲ್ಲಿಸಿದ್ರೆ ಮೂಳೆ ಸವೆತ ವಾಪಸ್ ಜೋರಾಗಿ ಬಂದು ಬೆನ್ನುಮಣಿಗಳು ಸಾಲಾಗಿ ಕುಸಿದಿರೋ ಕೇಸ್‌ಗಳಿವೆ.

ಮತ್ತೆ ಅಮ್ಮಂಗೆ ಇದ್ದಕ್ಕಿದ್ದಂಗೆ ಬೆನ್ನಲ್ಲಿ ಒಂದೇ ಜಾಗದಲ್ಲಿ ಚುಚ್ಚಿದಂಗೆ ನೋವು ಬಂದು ನಿಂತ್ರೆ ಜಾಸ್ತಿ ಮಲಗಿದ್ರೆ ಕಮ್ಮಿ ಅನ್ನಿಸಿದ್ರೆ, ಅಥವಾ ಎತ್ತರ ಕಮ್ಮಿಯಾದಂಗೆ ಕಂಡ್ರೆ, ವ್ಯಾಯಾಮ ನಿಲ್ಸಿ ಎಕ್ಸ್‌ರೇ ಮಾಡ್ಸಿ. ಇವತ್ತೇ ಗೋಡೆಗೆ ನಿಲ್ಸಿ ಎತ್ತರ ಅಳೆದು ಬರ್ದಿಟ್ಕೊಳ್ಳಿ. ಡೆಕ್ಸಾ ಮುಂದಿನ ಸಲ ಒಂದೆರಡು ವರ್ಷ ಆದ್ಮೇಲೆ ಮಾಡ್ಸಿದ್ರೆ ಸಾಕು, ಆದ್ರೆ ಅದೇ ಮಷಿನಲ್ಲೇ ಮಾಡ್ಸಿ, ಇಲ್ಲಾಂದ್ರೆ ಎರಡು ರಿಪೋರ್ಟ್ ಹೋಲಿಸೋಕಾಗಲ್ಲ.