ಪಾಲು, ಹಾಲು, ಆಲು

"ಲ್ಯಾಟಿನ್ನು ಸತ್ತೋಗಿರೋ ಬಾಸೆ ಅಲ್ವಾ ಮೇಷ್ಟ್ರೇ?" ಬೋಂಡ ಮುರಿಯುತ್ತಾ ಶೀನ ತಗಾದೆ ತೆಗೆದ.

"ಸತ್ತಿದ್ದರೆ ತಿಥಿ ಯಾವತ್ತು ಹೇಳು. ಹಳಗನ್ನಡ ಸತ್ತಿತೇನೋ? ನಿನ್ನ ಬಾಯಲ್ಲೇ ಬೋಂಡ ತಿಂತಾ ಕೂತಿದೆ. ಹಾಗೇ ಲ್ಯಾಟಿನ್ನು. ರೋಮಿನಲ್ಲಿ ಅದಕ್ಕೆ ಇಟಾಲಿಯನ್ ಅಂತ ಹೆಸರು, ಮ್ಯಾಡ್ರಿಡ್ಡಿನಲ್ಲಿ ಸ್ಪ್ಯಾನಿಷ್, ಬುಕಾರೆಸ್ಟಿನಲ್ಲಿ ರೊಮೇನಿಯನ್. ಒಂದೇ ಮನೆಯವರು, ಒಲೆ ಬೇರೆ."

"ಒಲಿ ಬ್ಯಾರೆ ಆಗಿದ್ದು ಯಾವಾಗರಿ ಮಾಸ್ತರ?" ಅಂದರು ಹುಬ್ಬಳ್ಳಿಯ ಶಾಂತಕ್ಕ.

"ದಿನ ಹೇಳಕ್ಕಾಗಲ್ಲ, ಕಾಗದಪತ್ರ ಮಾತ್ರ ಇದೆ. 813ರಲ್ಲಿ ಫ್ರಾನ್ಸಿನ ತೂರ್ ಊರಲ್ಲಿ ಬಿಷಪ್ಪರು ಸಭೆ ಸೇರಿದರು. ಲ್ಯಾಟಿನ್ ಉಪದೇಶ ಜನರ ತಲೆಗೆ ಹತ್ತುತ್ತಿಲ್ಲ, ಹಳ್ಳಿಯ ರೋಮನ್ ಮಾತಲ್ಲೋ ಜರ್ಮನ್ ಮಾತಲ್ಲೋ ಬಿಡಿಸಿ ಹೇಳಿ ಅಂತ ಠರಾವು ಮಾಡಿದರು. 842ರಲ್ಲಿ ಷಾರ್ಲಮೇನ್ ಚಕ್ರವರ್ತಿಯ ಇಬ್ಬರು ಮೊಮ್ಮಕ್ಕಳು ಸ್ಟ್ರಾಸ್‌ಬರ್ಗಿನಲ್ಲಿ ದೊಡ್ಡಣ್ಣನ ವಿರುದ್ಧ ಒಂದಾಗಿ ಆಣೆ ಇಟ್ಟರು. ಹಳೇ ಫ್ರೆಂಚಿನ ಮೊದಲ ಬರಹ ಅಂತ ಆ ಆಣೆಯ ಮಾತನ್ನೇ ತೋರಿಸೋದು."

"ಹಂಗಾದ್ರ ಅಣ್ಣತಮ್ಮಂದಿರ ತಂಟೆಯೊಳಗ ಭಾಷಾದ ಜಾತಕ ಸಿಕ್ಕೈತಿ ಅನ್ರಿ."

"ಕಲಿಯಕ್ಕೆ ಸುಲಬದ ದಾರಿ ಏಳಿ ಮೇಷ್ಟ್ರೇ" ಅಂದ ಶೀನ.

"ಅಡುಗೆ ಥರ ಮಾಡಬೇಕು. ರಾತ್ರಿಗೆ ಲ್ಯಾಟಿನ್ನಿನಲ್ಲಿ ಪ್ರಥಮಾ ವಿಭಕ್ತಿ ನೋಕ್ಸ್. ಅದನ್ನ ಹಿಡಿದೆಯೋ, ಕೆಟ್ಟೆ. ದ್ವಿತೀಯಾ ತಗೋ: ನೊಕ್ತೆಮ್. ಬಾಲದ ಮ್ ಕಿತ್ತು ಬಿಸಾಕು. ಉಳಿದದ್ದು ನೊಕ್ತೆ. ಈಗ ನಡುವಿನ ಕ್ತ. ಇಟಲಿಯವರು ಅದನ್ನ ತ್ತ ಮಾಡಿದರು, ಪ್ರಾಕೃತದವರು ರಕ್ತವನ್ನ ರತ್ತ ಮಾಡಿದ ಹಾಗೆ. ನೊತ್ತೆ ಆಯ್ತು. ಸ್ಪೇನಿನಲ್ಲಿ ನೊಚೆ, ಪೋರ್ಚುಗಲ್ಲಿನಲ್ಲಿ ನೊಯ್ತೆ, ರೊಮೇನಿಯದಲ್ಲಿ ನ್ವಾಪ್ತೆ. ಎಂಟಕ್ಕೆ ಒಕ್ತೊ ಇತ್ತಲ್ಲ, ಅದಕ್ಕೂ ಇದೇ ಅಚ್ಚು: ಒತ್ತೊ, ಒಚೊ, ಒಯ್ತೊ, ಒಪ್ತ್."

"ಆಲಿಗೆ?"

"ಆಡುಮಾತಿನಲ್ಲಿ ಲಕ್ತೆ. ಇಟಲಿಯಲ್ಲಿ ಏನಾಗಬೇಕು?"

"ಲತ್ತೆ... ಅಯ್ಯೋ, ಲಾಟೆ! ಇನ್ನೂರು ರೂಪಾಯಿ ಕೊಟ್ಟು ಕುಡಿಯೋದು ಬರೀ ಆಲಾ?"

"ಇಟಲಿಯಲ್ಲಿ ಬರೀ ಲತ್ತೆ ಅಂತ ಕೇಳಿದರೆ ಲೋಟದ ತುಂಬ ಹಾಲೇ ತಂದಿಡ್ತಾರೆ. ಕಾಫಿ ಬೇಕಿದ್ರೆ ಕಾಫೆಲತ್ತೆ ಅನ್ನಬೇಕು. ಸರಿ, ಸ್ಪೇನಿನವರು ಹಾಲಿಗೆ ಏನಂತಾರೆ?"

"ಲಚೆ!"

"ಇಲ್ಲೇ ಜಾರೋದು. ಕ್ ಮಾಯವಾಗೋ ಮುಂಚೆ ಯ್ ಆಗಿತ್ತು. ಆ ಯ್ ಪಕ್ಕದ ಅಕಾರವನ್ನ ಎ ಕಡೆಗೆ ಎಳೆದುಬಿಡ್ತು. ಅದಕ್ಕೇ ಲೆಚೆ. ನೊಚೆಯಲ್ಲಿ ಮೊದಲೇ ಒ ಇತ್ತು, ಬಚಾವಾಯ್ತು."

ಶಾಂತಕ್ಕ ಲೋಟ ಕೆಳಗಿಟ್ಟರು. "ಶೀನಪ್ಪ ಹ ನುಂಗ್ತಾನಲ್ರಿ, ಅದಕ್ಕೇನರೆ ಮದ್ದು ಐತೇನು?"

"ಮದ್ದು ಯಾಕೆ, ಸ್ಪೇನಿಗೆ ಕಳಿಸಿದರೆ ಅಲ್ಲಿ ಅದೇ ಶುದ್ಧ! ಲ್ಯಾಟಿನ್ನಿನ ಫರೀನಾ, ಹಿಟ್ಟು. ಮೊದಲು ಹರೀನಾ ಆಯ್ತು, ಈಗ ಅರೀನಾ. ಫ ಹ ಆಗಿ, ಹ ಸೊನ್ನೆ ಆಯ್ತು. ಬರೆಯುವಾಗ ಹ ಇದೆ, ಓದುವಾಗ ಇಲ್ಲ. ನಮ್ಮಲ್ಲಿ ಪಾಲ್ ಹಾಲಾಗಿ, ಹಾಲು ಶೀನನ ಬಾಯಲ್ಲಿ ಆಲಾದ ಹಾಗೆ."

"ನೋಡಿದ್ರಾ! ನಾನು ಅಬ್ಬಕ್ಕೆ ಓಳಿಗೆ ಅಂದ್ರೆ ಬೈತೀರಿ. ಅಲ್ಲಿ ಒಂದು ದೇಸಾನೇ ಅಂಗೆ ಮಾತಾಡ್ತೈತೆ."

"ಬೀಗಬೇಡ. ಬೆಂಕಿಗೆ ಫೊಕುಮ್, ಅದು ಫ್ವೆಗೊ ಆಯ್ತು, ಹ್ವೆಗೊ ಆಗಲಿಲ್ಲ. ಫ ಪಕ್ಕದಲ್ಲಿ ವ್ ಬಂದು ಕೂತರೆ ಫ ಜಾಗ ಬಿಡಲ್ಲ. ಮತ್ತೆ ಬುರ್ರೊ ವಿಷಯದಲ್ಲಿ ಹುಷಾರು. ಇಟಲಿಯಲ್ಲಿ ಬೆಣ್ಣೆ, ಸ್ಪೇನಿನಲ್ಲಿ ಕತ್ತೆ. ರೂಪ ಒಂದಾದರೂ ಮೂಲ ಬೇರೆ."

"ಬೆಣ್ಣಿ ದ್ವಾಸಿ ಕೇಳಿದ್ರ ಕತ್ತಿ ದ್ವಾಸಿ!"

"ಬೈಸಿಕೊಂಡ ಮಾತೇ ಕೊನೆಗೆ ಗೆಲ್ಲೋದು ಶಾಂತಕ್ಕ. ಅಪೆಂಡಿಕ್ಸ್ ಪ್ರೋಬಿ ಅಂತ ಒಂದು ಹಳೇ ಪಟ್ಟಿ ಇದೆ, ಜನ ತಪ್ಪಾಗಿ ಆಡೋ ಲ್ಯಾಟಿನ್ ಪದಗಳಿಗೆ 227 ತಿದ್ದುಪಡಿ. ಪಾಪ, ಯಾರೋ ಮೇಷ್ಟ್ರು. ಕಿವಿಗೆ ಔರಿಸ್ ಅನ್ನಿ, ಒರಿಕ್ಲ ಅನ್ನಬೇಡಿ ಅಂತ ಬಡಕೊಂಡಿದ್ದಾನೆ. ಆಮೇಲೆ ಏನಾಯ್ತು? ಇಟಲಿಯ ಒರೆಕ್ಯೊ, ಸ್ಪೇನಿನ ಒರೆಹಾ, ರೊಮೇನಿಯದ ಉರೆಕೆ, ಎಲ್ಲಾ ಆ ಬೇಡ ಅಂದ ಒರಿಕ್ಲನ ಮಕ್ಕಳೇ. ಔರಿಸ್ ಕೇಳೋರಿಲ್ಲ. ತಲೆಯ ಕತೇನೂ ಅಷ್ಟೆ. ಕಾಪುತ್ ಅನ್ನೋದು ಗೌರವದ ಪದ. ಬೀದಿಯವರು ಮಡಕೆ ಅನ್ನೋ ಅರ್ಥದ ತೆಸ್ತಾ ಅಂದ್ರು, ನಾವು ಬುರುಡೆ ಅಂತೀವಲ್ಲ ಹಾಗೆ. ಇವತ್ತು ಇಟಲಿಯಲ್ಲಿ ತಲೆ ಅಂದ್ರೆ ತೆಸ್ತಾ, ಫ್ರಾನ್ಸಿನಲ್ಲಿ ತೆತ್. ಅಲ್ಲಿನ ಡಾಕ್ಟರಿಗೂ ಅದು ಮಡಕೆಯೇ."

ಶಾಂತಕ್ಕ ಎದ್ದು ಚೀಲ ತಡಕಾಡಿದರು. "ನನ್ನ ಗಾಡಿ ಚಾವಿ ಎಲ್ಲಿಟ್ಟೆನೋ?"

"ಆಹಾ, ಚಾವಿ! ಲ್ಯಾಟಿನ್ನಿನ ಕ್ಲಾವೆಮ್. ಇಟಲಿಯಲ್ಲಿ ಕ್ಯಾವೆ, ಫ್ರೆಂಚರಿಗೆ ಕ್ಲೆ, ಸ್ಪೇನಿನಲ್ಲಿ ಯಾವೆ. ಕ್ಲ ಅನ್ನೋದನ್ನ ಚ ಮಾಡಿದ್ದು ಪೋರ್ಚುಗೀಸರು. ಈಗ ಲಿಸ್ಬನ್ನಿನವರು ಶ ಅಂತಾರೆ. 16ನೇ ಶತಮಾನದಲ್ಲಿ ಅವರು ಈ ಪದ ಹೊತ್ತು ಗೋವಾಕ್ಕೆ ಬಂದಾಗ ಚ ಇನ್ನೂ ಗಟ್ಟಿಯಾಗಿತ್ತು. ಲಿಸ್ಬನ್ನಿನಲ್ಲಿ ಕಳೆದುಹೋದ ಉಚ್ಚಾರ ನಿಮ್ಮ ಹುಬ್ಬಳ್ಳೀಲಿ ಜೋಪಾನವಾಗಿದೆ."

"ಉಚ್ಚಾರ ಜ್ವಾಪಾನ ಐತ್ರಿ ಮಾಸ್ತರ, ಚಾವಿ ಎಲ್ಲೈತಿ?"

"ಓಗ್ಲಿ ಬಿಡಿ ಅಕ್ಕ, ಬೋಂಡದ ತಟ್ಟೆ ಇಂದೆ ಬಿದ್ದೈತೆ" ಅಂದ ಶೀನ, ಅಪ್ಪಟ ಸ್ಪ್ಯಾನಿಷ್ ಠೀವಿಯಲ್ಲಿ.