ತೃತೀಯ ರಂಗವೋ, ಮೂರನೇ ಸಾಲೋ? ಪಾನ್‌ಝಿಹ್ವಾ ಕಟ್ಟಿದವರಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಚೀನಾದ ಸಿಚುವಾನ್ ಪ್ರಾಂತ್ಯದ ದಕ್ಷಿಣದ ತುದಿಯಲ್ಲಿ ಪಾನ್‌ಝಿಹ್ವಾ ಅಂತ ಒಂದು ಉಕ್ಕಿನ ಊರಿದೆ. ಜಿನ್‌ಶಾ ನದಿಯ ಕಡಿದಾದ ಕಣಿವೆಯಲ್ಲಿ 1965ರಲ್ಲಿ ಕಟ್ಟಲು ಶುರು ಮಾಡಿದ್ದು. ಅದಕ್ಕೂ ಮುಂಚೆ ಆ ಹೆಸರಿನ ಹಳ್ಳಿಯಲ್ಲಿದ್ದದ್ದು ಏಳು ಮನೆ, ಒಂದು ಮರ ಅಂತ ಅಲ್ಲಿಯವರು ಹೇಳುತ್ತಾರೆ. ಊರು ಕಟ್ಟಿದವರ ನೆನಪಿಗೆ ಅಲ್ಲಿ ಒಂದು ಮ್ಯೂಸಿಯಂ ಇದೆ, ಊರಿಗೆ 50 ತುಂಬಿದ 2015ರಲ್ಲಿ ತೆರೆದದ್ದು. ಅದರ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತವನು ಹೆಸರಿನ ಹತ್ತಿರವೇ ನಿಂತುಬಿಟ್ಟಿದ್ದೇನೆ.

ಮ್ಯೂಸಿಯಂ ಹೆಸರಿನ ನಡುವೆ ಇರುವ ಮಾತು ‘ಸಾನ್‌ಶಿಯೆನ್ ಜಿಯೆನ್‌ಶ’. ಇಂಗ್ಲಿಷಿನವರು ಸಾನ್‌ಶಿಯೆನ್ ಅನ್ನೋದನ್ನು ‘ಥರ್ಡ್ ಫ್ರಂಟ್’ ಮಾಡಿದರು. ಅದನ್ನು ನಮ್ಮ ಪತ್ರಿಕೆಗಳ ರೂಢಿಯಲ್ಲಿ ಬರೆದರೆ ‘ತೃತೀಯ ರಂಗ’. ಈ ಮಾತು ಕಣ್ಣಿಗೆ ಬಿದ್ದ ಕೂಡಲೇ ಕನ್ನಡ ಓದುಗರ ತಲೆಗೆ ಬರುವುದು ಚುನಾವಣೆ, ಮೈತ್ರಿ, ಸೀಟು ಹಂಚಿಕೆ. ಉಕ್ಕಿನ ಕಾರ್ಖಾನೆ ಖಂಡಿತ ಬರೋದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಅರ್ಥದ್ದು. ಶಿಯೆನ್ ಅಂದರೆ ಮೂಲದಲ್ಲಿ ನೂಲು, ಎಳೆ, ಆಮೇಲೆ ಗೆರೆ, ಸಾಲು. 1964ರಲ್ಲಿ ಅಮೆರಿಕ ಉತ್ತರ ವಿಯೆಟ್ನಾಂ ಮೇಲೆ ಬಾಂಬು ಹಾಕಿತ್ತು, ಇತ್ತ ಸೋವಿಯತ್ ಒಕ್ಕೂಟದ ಜೊತೆಗೂ ಚೀನಾದ ಸಂಬಂಧ ಕೆಟ್ಟಿತ್ತು, ದೊಡ್ಡ ಕಾರ್ಖಾನೆಗಳು ನೋಡಿದರೆ ಕರಾವಳಿಯಲ್ಲಿ ಮತ್ತು ಈಶಾನ್ಯದಲ್ಲಿ, ಶತ್ರುವಿನ ಕೈಗೆ ಎಟುಕುವ ಜಾಗದಲ್ಲೇ ಇದ್ದವು. ಹಾಗಾಗಿ ಮಾವೋ ಸರ್ಕಾರ ದೇಶವನ್ನು ಮೂರು ಸಾಲಾಗಿ ನೋಡಿತು. ಗಡಿ ಮತ್ತು ಕರಾವಳಿ ಮೊದಲನೇ ಸಾಲು, ಒಳಗಿನ ಬೆಟ್ಟದ ನಾಡು ಮೂರನೇದು, ನಡುವಿನದು ಎರಡನೇದು. ಮೂರನೇ ಸಾಲಿನಲ್ಲಿ ಗಣಿ, ರೈಲು, ಕಾರ್ಖಾನೆ ಕಟ್ಟುವ ಕೆಲಸ 1980ರವರೆಗೆ ನಡೆಯಿತು. ಅಂದರೆ ಇಲ್ಲಿ ಮೂರು ಅನ್ನೋದು ಶತ್ರುವಿನಿಂದ ಎಷ್ಟು ಒಳಗೆ ಅನ್ನುವ ಲೆಕ್ಕ. ‘ರಂಗ’ ಅಂದರೆ ಯುದ್ಧ ನಡೆಯುವ ಜಾಗ ಅಂತ ಆಗುತ್ತೆ, ಪೂರ್ತಿ ಉಲ್ಟಾ. ಯುದ್ಧ ಮುಟ್ಟಬಾರದು ಅಂತಲೇ ಆರಿಸಿದ ಜಾಗ ಅದು.

ಅದಕ್ಕೇ ನನಗೆ ‘ಮೂರನೇ ಸಾಲು’ ಸರಿ ಅನಿಸುತ್ತಿದೆ. ‘ಮೂರನೇ ದರ್ಜೆ’ಯ ನೆರಳು ಬೀಳಬಹುದಾ ಅನ್ನೋದೊಂದೇ ಅಳುಕು. ‘ಒಳಸಾಲು’ ಅಂತಲೂ ಯೋಚಿಸಿದೆ. ಕೇಳಲು ಚೆನ್ನಾಗಿದೆ, ಆದರೆ ಮೂರು ಅನ್ನೋ ಎಣಿಕೆ ಹೋಗಿಬಿಡುತ್ತೆ.

ಜಿಯೆನ್‌ಶ ಅಂದರೆ ಕಟ್ಟುವ ಕೆಲಸ. ‘ನಿರ್ಮಾಣ’ ಅಂದರೆ ಮುಗಿಯಿತು, ಆದರೆ ನಮ್ಮಲ್ಲಿ ‘ಕಟ್ಟೋಣ’ ಅನ್ನೋ ಹಳೆಯ ಪದ ಇದೆಯಲ್ವಾ? ಕಟ್ಟುವ ಕೆಲಸ ಅಂತಲೂ ಆಗುತ್ತೆ, ಬನ್ನಿ ಎಲ್ಲರೂ ಸೇರಿ ಕಟ್ಟುವಾ ಅಂತಲೂ ಆಗುತ್ತೆ. ‘ಒಳ್ಳೆಯ ಜನ, ಒಳ್ಳೆಯ ಕುದುರೆ ಮೂರನೇ ಸಾಲಿಗೆ’ ಅನ್ನೋ ಘೋಷಣೆ ಕೂಗಿ ದೇಶದ ಮೂಲೆಮೂಲೆಯಿಂದ ಜನರನ್ನು ಕರೆಸಿದ ಕೆಲಸಕ್ಕೆ ಈ ಎರಡೂ ಅರ್ಥ ಒಪ್ಪುತ್ತವೆ. ನನಗಂತೂ ಈ ಪದ ಬಿಟ್ಟುಕೊಡಲು ಮನಸ್ಸಿಲ್ಲ.

ಈಗ ನಿಜವಾದ ಪ್ರಶ್ನೆ. ಆ ಜನರನ್ನು ಏನಂತ ಕರೆಯೋದು? ಚೀನೀ ಭಾಷೆಯಲ್ಲಿ ಅವರು ‘ಜಿಯೆನ್‌ಶಝ’, ಕಟ್ಟಿದವರು. ‘ನಿರ್ಮಾಪಕರು’ ಅಂದರೆ ಸಿನಿಮಾಕ್ಕೆ ದುಡ್ಡು ಹಾಕುವವರು. ‘ಬಿಲ್ಡರ್’ ಅಂದರೆ ಅಪಾರ್ಟ್‌ಮೆಂಟ್ ಮಾರುವವರು. ‘ನಿರ್ಮಾತೃ’ ಕಲ್ಲಿನ ಶಾಸನದ ಮೇಲಿರುವ ಒಬ್ಬ ದೊಡ್ಡ ಮನುಷ್ಯನ ಮಾತು, ಸಾವಿರಾರು ಜನಕ್ಕೆ ಹೊಂದೋದಿಲ್ಲ. ‘ಕಾರ್ಮಿಕರು’ ತಪ್ಪಲ್ಲ, ಆದರೆ ಅಲ್ಲಿಗೆ ಬಂದವರಲ್ಲಿ ಎಂಜಿನಿಯರುಗಳಿದ್ದರು, ಡಾಕ್ಟರುಗಳಿದ್ದರು, ರೈಲು ಹಾಕುವ ಸೈನಿಕರಿದ್ದರು. ‘-ಇಗ’, ‘-ಉಗ’ ಹಚ್ಚಿ ‘ಕಟ್ಟುಗರು’ ಅನ್ನಬಹುದು, ಓದುಗ, ಕೇಳುಗ ಇದ್ದ ಹಾಗೆ. ಇದು ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತೆ ಹೇಳಿ. ಸುಮ್ನೆ ‘ಕಟ್ಟಿದವರು’ ಅಂದರೆ ಸಾಕಾ?

ಪದಕ್ಕೆ ಇಷ್ಟು ಯಾಕೆ ತಲೆ ಕೆಡಿಸಿಕೊಂಡಿದ್ದೇನೆ ಅಂದರೆ, ಇವರ ಹೆಸರು ಆಗ ಎಲ್ಲೂ ಬರುವಂತಿರಲಿಲ್ಲ. ಗುಟ್ಟಿನ ಕೆಲಸ. ಮೂರನೇ ಸಾಲಿನ ಎಷ್ಟೋ ಕಾರ್ಖಾನೆಗಳಿಗೆ ವಿಳಾಸ ಅಂತ ಇದ್ದದ್ದು ಬರೀ ಅಂಚೆಪೆಟ್ಟಿಗೆಯ ಸಂಖ್ಯೆ. ಪಾನ್‌ಝಿಹ್ವಾಗೇ 1987ರವರೆಗೆ ‘ದುಕೋ’ ಅಂತ ಹೆಸರು, ಅಂದರೆ ದೋಣಿ ಹತ್ತಿ ಹೊಳೆ ದಾಟುವ ಜಾಗ. ಅದಕ್ಕೆ ನಮ್ಮ ‘ಕಡವು’ ಅಚ್ಚುಕಟ್ಟಾಗಿ ಕೂರುತ್ತೆ. ಈಗಿನ ಹೆಸರು ಒಂದು ಹೂವಿನದು. ಯಾವ ಹೂವು ಅಂತ ಹುಡುಕಿದರೆ ನಮ್ಮ ಕೆಂಪು ಬೂರುಗ! ಎಲೆಯೆಲ್ಲ ಉದುರಿದ ಬೋಳು ಕೊಂಬೆಯ ಮೇಲೆ ಕೆಂಪಗೆ ಅರಳುತ್ತಲ್ಲ, ಅದೇ. ಪಾನ್ ಅಂದರೆ ಮೇಲೆ ಹತ್ತುವುದು, ಝಿ ಕೊಂಬೆ, ಹ್ವಾ ಹೂವು. ಬರಹದಲ್ಲಿ ಒಂದು ಕಡೆಯಾದರೂ ‘ಬೂರುಗದ ಊರು’ ಅಂತ ಬರೆದೇ ಬರೆಯುತ್ತೇನೆ.

ಆ ಜನ ಹೇಗೆ ಬದುಕಿದರು ಅನ್ನೋದಕ್ಕೆ ಅಲ್ಲಿ ಒಂದು ಮಾತಿದೆ. ‘ಮೂರು ಕಲ್ಲಿನ ಮೇಲೆ ಒಂದು ಪಾತ್ರೆ, ಬೆಟ್ಟದ ಮಡಿಲಲ್ಲಿ ಡೇರೆ.’ ಇದಕ್ಕೆ ವಿವರಣೆಯೇ ಬೇಡ. ಮೂರು ಕಲ್ಲಿನ ಒಲೆ ಕನ್ನಡಕ್ಕೆ ಹೊಸದಲ್ಲ. ‘ಮೊದಲು ಉತ್ಪಾದನೆ, ಆಮೇಲೆ ಬದುಕು’ ಅನ್ನೋದು ಇನ್ನೊಂದು ಮಾತು, ಮೇಲಿನಿಂದ ಬಂದದ್ದು. ಅದರಲ್ಲಿ ‘ಬದುಕು’ ಅಂದರೆ ಮನೆ, ನೀರು, ಊಟದ ಅನುಕೂಲ. ಬರೀ ‘ಬದುಕು’ ಅಂತ ಬರೆದರೆ ಓದುಗರಿಗೆ ಇದು ಹೊಳೆಯುತ್ತಾ, ಇಲ್ಲ ‘ವಾಸದ ಅನುಕೂಲ’ ಅಂತ ಬಿಡಿಸಬೇಕಾ? ನನಗೆ ಬಿಡಿಸದೆ ಇರೋದೇ ಇಷ್ಟ, ಆ ಮಾತಿನ ಗಡಸು ಹಾಗೇ ಉಳಿಯಲಿ. 1970ರ ಜುಲೈ 1ಕ್ಕೆ ಮೊದಲ ಕಬ್ಬಿಣ ಹರಿಯಿತು, ಅದೇ ದಿನ ಚೆಂಗ್ಡು–ಕುನ್‌ಮಿಂಗ್ ರೈಲು ದಾರಿಯೂ ತೆರೆಯಿತು. ಅಷ್ಟು ಬೇಗ ಅದು ಆದದ್ದು ಆ ಗಡಸಿನಿಂದಲೇ.

ಕೊನೆಯದು, ‘ಗಾನ್‌ದಾಲೇ’. ಒಣಗಿದ, ಹೊಡಿ, ಪೇರಿಸು ಅಂತ ಮೂರು ಮಾತು ಸೇರಿ ಆದದ್ದು. ಎರಡು ಹಲಗೆಗಳ ನಡುವೆ ಮಣ್ಣು ತುಂಬಿ, ಪದರ ಪದರವಾಗಿ ಗುದ್ದಿ ಎಬ್ಬಿಸುವ ಗೋಡೆ, ಆ ಥರ ಕಟ್ಟಿದ ಮನೆಗೂ ಅದೇ ಹೆಸರು. ‘ದಮ್ಮಸು ಹೊಡೆದ ಗೋಡೆ’ ಅಂತ ಬರೆದಿಟ್ಟಿದ್ದೇನೆ. ಆದರೆ ದಮ್ಮಸು ನಾನು ಕೇಳಿರೋದು ನೆಲಕ್ಕೆ ಮತ್ತು ರಸ್ತೆಗೆ, ಗೋಡೆಗೆ ಕೇಳಿಲ್ಲ. ಮಣ್ಣಿನ ಮನೆ ಕಟ್ಟುವುದನ್ನು ಹತ್ತಿರದಿಂದ ನೋಡಿದವರು, ಅದಕ್ಕೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.