ಎಕ್ಸ್‌ಕ್ಲೂಡ್ಸ್ 1 ಇದ್ದರೆ ಎರಡನೇ ಕೋಡ್ ಹಾಕಲೇಬಾರದಾ?

ಪ್ರಶ್ನೆ: ಮೇಡಂ, ಬೆಂಗಳೂರಿನಲ್ಲಿ ಅಮೆರಿಕದ ವೈದ್ಯಕೀಯ ವಿಮಾ ಕ್ಲೇಮ್‌ಗಳ ಕೋಡಿಂಗ್ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಐಸಿಡಿ-10-ಸಿಎಂನಲ್ಲಿ (ಕಾಯಿಲೆಗಳಿಗೆ ಕೋಡ್ ಕೊಡುವ ಅಮೆರಿಕದ ಪಟ್ಟಿ) ಕೋಡಿನ ಕೆಳಗೆ ಎಕ್ಸ್‌ಕ್ಲೂಡ್ಸ್ 1, ಎಕ್ಸ್‌ಕ್ಲೂಡ್ಸ್ 2 ಅಂತ ನೋಟ್ ಬರುತ್ತದಲ್ಲ, ಅದು ಗೊಂದಲ. ಈಗಿನ ಚಾರ್ಟಿನಲ್ಲಿ (ರೋಗಿಯ ದಾಖಲೆ) ಅಕ್ಯೂಟ್ ಟಾನ್ಸಿಲೈಟಿಸ್ (ಹಠಾತ್ತನೆ ಬಂದ ಟಾನ್ಸಿಲ್ ಉರಿಯೂತ), ಕ್ರಾನಿಕ್ ಟಾನ್ಸಿಲೈಟಿಸ್ (ಬಹುಕಾಲದಿಂದ ಇರುವಂಥದ್ದು) ಎರಡೂ ಇವೆ. ಎರಡನ್ನೂ ಹಾಕಲಾ?

ಉತ್ತರ: ಹಾಕಿ. ಜೆ03 ಅಂದರೆ ಅಕ್ಯೂಟ್ ಟಾನ್ಸಿಲೈಟಿಸ್, ಅದರ ಕೆಳಗೆ ಕ್ರಾನಿಕ್ ಇರುವುದು ಎಕ್ಸ್‌ಕ್ಲೂಡ್ಸ್ 2ರಲ್ಲಿ. ಅಂದರೆ ಆ ಕಾಯಿಲೆ ಈ ಕೋಡಿನೊಳಗೆ ಸೇರಿಲ್ಲ, ಆದರೆ ಒಬ್ಬರಿಗೇ ಎರಡೂ ಇರಬಹುದು. ಡಾಕ್ಟರ್ ಎರಡನ್ನೂ ಬರೆದಿದ್ದರೆ ಜೆ03.90 ಜೊತೆ ಜೆ35.01 ಹೋಗುತ್ತದೆ. ಎಕ್ಸ್‌ಕ್ಲೂಡ್ಸ್ 1 ಬೇರೆ. ಎರಡೂ ಒಟ್ಟಿಗೆ ಇರಲು ಸಾಧ್ಯವಿಲ್ಲ, ಒಂದನ್ನೇ ಆರಿಸಿ ಅಂತ. ಟೈಪ್ 1 ಡಯಾಬಿಟಿಸ್ ಇ10, ಟೈಪ್ 2 ಇ11, ಇವೆರಡೂ ಒಟ್ಟಿಗೆ ಬರಲ್ಲ.

ಪ್ರಶ್ನೆ: ಹಾಗಾದರೆ ಎಕ್ಸ್‌ಕ್ಲೂಡ್ಸ್ 1 ಕಂಡ ತಕ್ಷಣ ಒಂದು ಕೋಡ್ ತೆಗೆದುಬಿಡಬಹುದು, ಅಲ್ವಾ?

ಉತ್ತರ: ಬೇಡ, ಇಲ್ಲೇ ಜಾಸ್ತಿ ಜನ ಎಡವುವುದು. ಎರಡು ಕಾಯಿಲೆಗೂ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಎರಡನ್ನೂ ಕೊಡಬಹುದು ಅಂತ ಅಧಿಕೃತ ಗೈಡ್‌ಲೈನ್ಸ್‌ನಲ್ಲೇ ಇದೆ. ಅದರಲ್ಲೇ ಕೊಟ್ಟಿರುವ ಉದಾಹರಣೆ ನೋಡಿ. ಎಫ್45.8ರೊಳಗೆ ಹಲ್ಲು ಕಡಿಯುವುದೂ ಸೇರಿದೆ, ಮಾನಸಿಕ ಕಾರಣದಿಂದ ಬರುವ ಮುಟ್ಟಿನ ನೋವೂ ಸೇರಿದೆ. ಅಲ್ಲಿ ಎಕ್ಸ್‌ಕ್ಲೂಡ್ಸ್ 1ರಲ್ಲಿ ಜಿ47.63 ಇದೆ, ಅದು ನಿದ್ದೆಯಲ್ಲಿ ಹಲ್ಲು ಕಡಿಯುವುದು. ಹಲ್ಲು ಕಡಿಯುವುದೊಂದಕ್ಕೇ ಎರಡೂ ಕೋಡ್ ಹಾಕಿದರೆ ತಪ್ಪು. ಆದರೆ ಎಫ್45.8 ಮುಟ್ಟಿನ ನೋವಿಗೆ ಬಂದಿದ್ದು, ಜಿ47.63 ನಿದ್ದೆಯ ಹಲ್ಲು ಕಡಿತಕ್ಕೆ ಬಂದಿದ್ದರೆ ಎರಡೂ ಸರಿಯೇ. ನಂಬರ್ ಮಾತ್ರ ನೋಡಬೇಡಿ, ಈ ರೋಗಿಗೆ ಆ ಕೋಡ್ ಯಾವ ಕಾಯಿಲೆಗೆ ಬಂತು ಅಂತ ನೋಡಿ. ಸುಮ್ನೆ ತೆಗೆದುಹಾಕಿದರೆ ನಿಜವಾಗಿ ಇರುವ ಕಾಯಿಲೆ ದಾಖಲೆಯಿಂದಲೇ ಬಿಟ್ಟುಹೋಗುತ್ತದೆ.

ಪ್ರಶ್ನೆ: ನನ್ನ ಕೋಡಿನ ಕೆಳಗೆ ನೋಟೇ ಇಲ್ಲದಿದ್ದರೆ?

ಉತ್ತರ: ಮೇಲೆ ಹೋಗಿ ನೋಡಿ. ಮೂರಕ್ಷರದ ಕ್ಯಾಟಗರಿ (ಜೆ03 ಥರ), ಅದು ಸೇರಿರುವ ಗುಂಪು ಅಂದರೆ ಬ್ಲಾಕ್, ಅಧ್ಯಾಯದ ಶುರು, ಇಲ್ಲೆಲ್ಲ ನೋಟ್ ಇರಬಹುದು, ಕೆಳಗಿನ ಕೋಡ್‌ಗಳಿಗೂ ಅನ್ವಯಿಸುತ್ತದೆ. ಇಂಡೆಕ್ಸ್‌ನಲ್ಲಿ (ಕಾಯಿಲೆಯ ಹೆಸರಿನಿಂದ ಕೋಡ್ ಹುಡುಕುವ ಪಟ್ಟಿ) ಹುಡುಕಿ ಅಲ್ಲಿಗೇ ನಿಲ್ಲಿಸಿದರೆ ಇದು ಕಣ್ಣಿಗೇ ಬೀಳಲ್ಲ, ಟ್ಯಾಬ್ಯುಲರ್ ಲಿಸ್ಟ್ (ನೋಟ್ ಸಮೇತ ಕೋಡ್ ಕ್ರಮದಲ್ಲಿರುವ ಪಟ್ಟಿ) ತೆರೆಯಲೇಬೇಕು. ಇನ್ನು, ಒಂದೇ ಚಾರ್ಟಿನಲ್ಲಿ ಒಂದು ಕಡೆ ಟೈಪ್ 1, ಇನ್ನೊಂದು ಕಡೆ ಟೈಪ್ 2 ಅಂತಿದ್ದರೆ ಔಷಧಿ ಪಟ್ಟಿಯಲ್ಲಿ ಇನ್ಸುಲಿನ್ ನೋಡಿ ನೀವೇ ತೀರ್ಮಾನಿಸಬೇಡಿ. ಟೈಪ್ 2 ಇರುವವರೂ ಇನ್ಸುಲಿನ್ ತಗೊಳ್ಳುತ್ತಾರೆ. ಡಾಕ್ಟರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸಿ, ಉತ್ತರ ಬರುವವರೆಗೆ ಚಾರ್ಟ್ ಹೋಲ್ಡ್‌ನಲ್ಲಿಡಿ.